ಸಾವಿರ ಲುಮೆನ್ನಿನ ಕತ್ತಲೆ

ಹಗಲು ಕಂಡ ಬಾವಿಯಲ್ಲಿ ಇರುಳು ಬಿದ್ದರು ಅಂತ ಗಾದೆ ಇದೆಯಲ್ಲ, ಅದು ಸೈಕಲ್ ತುಳಿಯುವವರನ್ನು ನೋಡಿಯೇ ಹುಟ್ಟಿರಬೇಕು. ಬೆಳಗ್ಗೆ ಆಫೀಸಿಗೆ ಹೋಗುವಾಗ ಜಾಣನ ಹಾಗೆ ಬಳಸಿ ದಾಟಿದ ಗುಂಡಿಯೊಳಗೆ ಸಂಜೆ ಸೀದಾ ಮುಂದಿನ ಚಕ್ರ ಇಳಿಸಿದೆ. ಎದ್ದವನೇ ಯಾರಾದರೂ ನೋಡಿದರಾ ಅಂತ ಸುತ್ತ ನೋಡಿದೆ. ಯಾರೂ ನೋಡಿರಲಿಲ್ಲ. ಕತ್ತಲಿತ್ತಲ್ಲ! ಆ ರಾತ್ರಿಯೇ ಲೈಟು ಕೊಳ್ಳುವುದು ಅಂತ ತೀರ್ಮಾನವಾಯಿತು. ಒಂದೇ ಷರತ್ತು, ಅಗ್ಗವಾಗಿರಬೇಕು.

ಮೊದಲು ಬಂದದ್ದು ರಬ್ಬರ್ ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿಯುವ ಪುಟಾಣಿ ಲೈಟು. ಒಳಗೆ ಸಿಆರ್2032 ಅನ್ನುವ ಎರಡು ಬಿಲ್ಲೆ ಸೆಲ್ಲು. (20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದಕ್ಕೇ ಆ ಹೆಸರು.) ಇಂಥ ಲೈಟು ಇರುವುದು ನಮಗೆ ರಸ್ತೆ ತೋರಿಸಲಿಕ್ಕಲ್ಲ, ಇಲ್ಲೊಬ್ಬ ಬರ್ತಿದ್ದಾನೆ ಅಂತ ಬೇರೆಯವರಿಗೆ ತೋರಿಸಲಿಕ್ಕೆ. ಬೀದಿದೀಪ ಇರುವ ದಾರಿಗೆ ಅಷ್ಟು ಸಾಕು. ನನ್ನ ಗುಂಡಿ ಇರುವುದು ಬೀದಿದೀಪ ಇಲ್ಲದ ಕಡೆ. ಸಾಲದ್ದಕ್ಕೆ ಪ್ರತಿ ಕುಲುಕಿಗೂ ಅದು ಸ್ವಲ್ಪ ಸ್ವಲ್ಪ ತಲೆ ತಗ್ಗಿಸುತ್ತಾ, ಮನೆ ಮುಟ್ಟುವಷ್ಟರಲ್ಲಿ ನನ್ನ ಟೈರನ್ನೇ ನೋಡುತ್ತಾ ಕೂತಿರುತ್ತಿತ್ತು. ಟೈರು ಎಷ್ಟು ಸವೆದಿದೆ ಅಂತ ಗೊತ್ತಾಗಿದ್ದು ಮಾತ್ರ ಅದರಿಂದಲೇ.

ಎರಡನೆಯದರ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘1000 ಲುಮೆನ್, 8 ಗಂಟೆ’ ಅಂತ ಇತ್ತು. ಕಾರಿನ ಹೆಡ್‌ಲೈಟಿಗೆ ಹಾಕುವ ಎಚ್4 ಬಲ್ಬು 55 ವಾಟ್ ತಿಂದು ಲೋ ಬೀಮಿನಲ್ಲಿ ಕೊಡುವುದೇ ಸುಮಾರು 1000 ಲುಮೆನ್. ನನ್ನ ಬೆರಳುದ್ದದ ಲೈಟು ಕಾರಿಗೆ ಸಮ! ಹೆಮ್ಮೆಯಿಂದ ಹೊರಟೆ. ಎದುರಿಗೆ ಬರುತ್ತಿದ್ದ ಅಜ್ಜ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, “ಏನಪ್ಪಾ, ಕಣ್ಣು ಕಾಣಲ್ವಾ ನಿಂಗೆ?” ಅಂದರು. ಕಾಣದೇ ಇದ್ದದ್ದು ಅವರಿಗೆ, ನನ್ನ ದೆಸೆಯಿಂದ. ಲುಮೆನ್ ಅಂದರೆ ಲೈಟಿನಿಂದ ಒಟ್ಟು ಎಷ್ಟು ಬೆಳಕು ಹೊರಟಿತು ಅನ್ನೋ ಲೆಕ್ಕ ಅಷ್ಟೆ. ರಸ್ತೆ ಮೇಲೆ ಎಷ್ಟು ಬಿತ್ತು ಅನ್ನೋದಕ್ಕೆ ಲಕ್ಸ್ ಅಂತ ಬೇರೆ ಅಳತೆ ಇದೆ. ನನ್ನದು ಟಾರ್ಚಿನ ಥರ ದುಂಡಗೆ ಚೆಲ್ಲುವ ಲೈಟು. ಗುಂಡಿಗಿಂತ ಮರದ ಕೊಂಬೆಗಳೇ ಚೆನ್ನಾಗಿ ಕಾಣುತ್ತಿದ್ದವು.

ಅದೂ ಅರ್ಧ ಗಂಟೆ ಮಾತ್ರ. ಆಮೇಲೆ ಪೂರ್ತಿ ಕತ್ತಲೆ. ಮನೆಗೆ ಬಂದು, ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಾ (ನನ್ನ ದಾರಿ 40 ನಿಮಿಷದ್ದು, ಗುಂಡಿ ಸಿಗುವುದು 35ನೇ ನಿಮಿಷಕ್ಕೆ) ಲೆಕ್ಕ ಹಾಕಿದೆ. ಬ್ಯಾಟರಿ 1200 ಎಂಎಎಚ್, ಅಂದರೆ 1.2 ಆಂಪಿಯರ್-ಅವರ್, 3.7 ವೋಲ್ಟು. ಗುಣಿಸಿದರೆ ನಾಲ್ಕೂವರೆ ವಾಟ್-ಅವರ್ ಕೂಡ ಇಲ್ಲ. ಒಳ್ಳೆಯ ಎಲ್‌ಇಡಿ ವಾಟಿಗೆ 100 ಲುಮೆನ್ ಕೊಟ್ಟರೂ ಸಾವಿರಕ್ಕೆ 10 ವಾಟ್ ಬೇಕು. ಅರ್ಧ ಗಂಟೆಯೂ ಬರಬಾರದು! ಡಬ್ಬವನ್ನು ತಿರುಗಿಸಿ ನೋಡಿದರೆ, 8 ಗಂಟೆ ಅನ್ನೋದು ಎಲ್ಲಕ್ಕಿಂತ ಮಂದ ಬೆಳಕಿಗೆ ಅಂತ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರು. ಅದನ್ನು ಓದಲಿಕ್ಕೇ 1000 ಲುಮೆನ್ ಬೇಕಿತ್ತು.

ಈಗಿರುವುದು ಮೂರನೆಯದು. 300 ಲುಮೆನ್, ಸ್ಕ್ರೂ ಹಾಕಿ ಬಿಗಿಯುವ ಕ್ಲಾಂಪು, ಮೂತಿ ಸ್ವಲ್ಪ ಕೆಳಕ್ಕೆ. ಇದರ ಮೇಲೆ ದೂರೇನೂ ಇಲ್ಲ. ಗುಂಡಿ ದೂರದಿಂದಲೇ ಕಾಣುತ್ತೆ, ಅಜ್ಜನೂ ಬೈಯುವುದಿಲ್ಲ.

ಕಥೆ ಇರುವುದು ಹಿಂದಿನ ಕೆಂಪು ಲೈಟಿನದು. ಅದನ್ನು ಸೀಟಿನ ಕೆಳಗೆ ಕಟ್ಟಿದ್ದೆ. ಮಳೆ ಶುರುವಾದ ಮೇಲೆ ರೇನ್‌ಕೋಟಿನ ತುದಿ ಅದರ ಮೇಲೆ ಇಳಿಬಿದ್ದು, ತಿಂಗಳುಗಟ್ಟಲೆ ಅದು ನನ್ನ ಕೋಟಿನ ಒಳಭಾಗವನ್ನಷ್ಟೇ ಬೆಳಗುತ್ತಿತ್ತು. ಗೊತ್ತಾದ ದಿನವೇ ಬಿಚ್ಚಿ ಬ್ಯಾಗಿನ ಹಿಂದೆ ಸಿಕ್ಕಿಸಿದೆ. ಮರುದಿನ ಆಫೀಸಿನಲ್ಲಿ ಮೀಟಿಂಗು. ಪ್ರೊಜೆಕ್ಟರ್ ಹಾಕಿ ದೀಪ ಆರಿಸಿದರು. ಗೋಡೆ ಕೆಂಪಾಯಿತು. ಕಪ್ಪಾಯಿತು. ಮತ್ತೆ ಕೆಂಪಾಯಿತು. ಒಬ್ಬರು ಫೈರ್ ಅಲಾರಂ ನೋಡಲು ಎದ್ದೇಬಿಟ್ಟರು. ಬಗ್ಗಿ ಬಟನ್ ಒತ್ತಿದೆ. ಮಿನುಗು ಜೋರಾಯಿತು. ಇನ್ನೊಮ್ಮೆ ಒತ್ತಿದೆ. ಎರಡು ಸಲ ಮಿನುಗಿ ಒಂದು ಸಲ ನಿಲ್ಲತೊಡಗಿತು. ಆರಿಸಬೇಕಾದರೆ ಎರಡು ಸೆಕೆಂಡ್ ಒತ್ತಿ ಹಿಡಿಯಬೇಕು ಅಂತ ನೆನಪಾಗುವಷ್ಟರಲ್ಲಿ ಐದೂ ಬಗೆಯನ್ನು ಎಲ್ಲರಿಗೂ ತೋರಿಸಿಯಾಗಿತ್ತು.

ಪಕ್ಕದಲ್ಲಿದ್ದವರು ಕಿವಿ ಹತ್ತಿರ ಬಂದು ಕೇಳಿದರು, “ಚೆನ್ನಾಗಿದೆ ರೀ, ಎಷ್ಟು ಲುಮೆನ್ನು?”