1956: ನಮಗೆ ರಾಜ್ಯ ಸಿಕ್ಕಿತು, ಮೇಗನ್‌ಗೆ ಸಿಗಲಿಲ್ಲ

ಕರ್ನಾಟಕ ಏಕೀಕರಣವಾದ 1956ರಲ್ಲೇ ವೇಲ್ಸ್‌ನವರು ತಮಗೂ ಒಂದು ಸಂಸತ್ತು ಬೇಕೆಂದು ಲಂಡನ್ನಿಗೆ ಅರ್ಜಿ ಕೊಟ್ಟಿದ್ದರು. ಸುಮಾರು ಎರಡೂವರೆ ಲಕ್ಷ ಸಹಿ. ಆ ಚಳವಳಿಯ ಅಧ್ಯಕ್ಷೆ ಮೇಗನ್ ಲಾಯ್ಡ್ ಜಾರ್ಜ್. ಅರ್ಜಿ ಮೂಲೆ ಸೇರಿತು. ಸಹಿಯನ್ನು ನೆಚ್ಚಿಕೊಂಡದ್ದೇ ಎಡವಟ್ಟಾಯಿತು ಎಂದು ಇಲ್ಲಿ ವೇಲ್ಸ್‌ನಲ್ಲಿರುವ ನನ್ನಂಥ ಕನ್ನಡಿಗನಿಗೆ ಅನಿಸುತ್ತದೆ.

ಮೇಗನ್ ಹುಟ್ಟಿದ್ದು 1902ರಲ್ಲಿ, ಕ್ರಿಕ್ಕಿಯೆತ್‌ನಲ್ಲಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಡೇವಿಡ್ ಲಾಯ್ಡ್ ಜಾರ್ಜ್ ಅವರ ಕಿರಿಮಗಳು, ಮನೆಮಾತು ವೆಲ್ಷ್. 1929ರಲ್ಲಿ ಆಂಗಲ್‌ಸಿ ದ್ವೀಪದ ಕ್ಷೇತ್ರದಿಂದ ಲಿಬರಲ್ ಪಕ್ಷದಲ್ಲಿ ಗೆದ್ದು ವೇಲ್ಸ್‌ನ ಮೊದಲ ಸಂಸದೆಯಾದರು. ಅಪ್ಪನ ಹೆಸರು ಟಿಕೆಟ್ ಕೊಡಿಸಿರಬಹುದು, ಅದೇನು ನಮಗೆ ಹೊಸದೇ! ಆದರೆ 22 ವರ್ಷ ಕ್ಷೇತ್ರ ಉಳಿಸಿಕೊಳ್ಳಲು ಹೆಸರೊಂದೇ ಸಾಲದು. 1944ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಮೊದಲ ಬಾರಿಗೆ ಒಂದಿಡೀ ದಿನ ವೇಲ್ಸ್ ಬಗ್ಗೆ ಚರ್ಚಿಸಿದಾಗ ಮಾತು ಆರಂಭಿಸಿದವರೂ ಆಕೆಯೇ. 1951ರಲ್ಲಿ ಲೇಬರ್ ಪಕ್ಷದ ಕ್ಲೆಡ್ವಿನ್ ಹ್ಯೂಸ್ ಎದುರು ಸೋತರು.

ಸಂಸತ್ತಿನ ಚಳವಳಿ ಶುರುವಾದದ್ದು 1950ರ ಜುಲೈನಲ್ಲಿ, ಲ್ಯಾಂಡ್ರಿಂಡಾಡ್ ವೆಲ್ಸ್ ಎಂಬ ಊರಿನಲ್ಲಿ. ಯಾವ ಪಕ್ಷದವರೂ ಸೇರಬಹುದಿತ್ತು. ತೊಡಕಾದದ್ದೂ ಅಲ್ಲೇ: ಎಲ್ಲರ ಕೆಲಸವಾದದ್ದು ಯಾವ ಪಕ್ಷದ ಹೊಣೆಯೂ ಆಗಲಿಲ್ಲ. ವೇಲ್ಸ್‌ನ ಬಹುಪಾಲು ಸೀಟುಗಳಿದ್ದ ಲೇಬರ್‌ನ ನಾಯಕರು ವಿರುದ್ಧವಿದ್ದರು. 1955ರ ಮಾರ್ಚ್‌ನಲ್ಲಿ ಅದೇ ಪಕ್ಷದ ಸಂಸದ ಎಸ್.ಒ. ಡೇವಿಸ್ ವೇಲ್ಸ್ ಸಂಸತ್ತಿಗಾಗಿ ತಂದ ಖಾಸಗಿ ಮಸೂದೆಗೆ ಪರವಾಗಿ ಬಿದ್ದದ್ದು 14 ಮತ, ವಿರುದ್ಧ 48. ಮೇಗನ್‌ರನ್ನು ಸೋಲಿಸಿದ್ದ ಹ್ಯೂಸ್ ಮಸೂದೆಯ ಬೆಂಬಲಕ್ಕಿದ್ದರು ಎಂಬುದು ಸೋಜಿಗ.

ನಮ್ಮಲ್ಲಿ ಹಾಗಾಗಲಿಲ್ಲ. 1920ರ ನಾಗಪುರ ಅಧಿವೇಶನದಲ್ಲೇ ಕಾಂಗ್ರೆಸ್ ಭಾಷಾವಾರು ಪ್ರಾಂತ ಸಮಿತಿಗಳಿಗೆ ಒಪ್ಪಿತ್ತು. ಮುಂಬೈ, ಮದ್ರಾಸ್, ಹೈದರಾಬಾದ್ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದವರಿಗೆ ಪಕ್ಷದೊಳಗೊಂದು ಕರ್ನಾಟಕ ಮೊದಲೇ ಸಿಕ್ಕಿತ್ತು. ಅದೇ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಕೊಟ್ಟ ಮಾತು ಎಲ್ಲಿ ಎಂದು ಕೇಳಬಹುದಾಗಿತ್ತು. ಆದರೂ ಸುಮ್ಮನೆ ಕೊಡಲಿಲ್ಲ. 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಉಪವಾಸ ಕೂರಬೇಕಾಯಿತು, ಹುಬ್ಬಳ್ಳಿಯಲ್ಲಿ ಗಲಭೆಯೆದ್ದಿತು.

ಲಿಬರಲ್ ಪಕ್ಷ ಬಲಕ್ಕೆ ವಾಲುತ್ತಿದೆ ಎಂದು ಮೇಗನ್ 1955ರಲ್ಲಿ ಲೇಬರ್ ಸೇರಿದರು. ಪಕ್ಷಾಂತರ ಅಂದರೆ ನಮಗೆ ರೆಸಾರ್ಟ್ ನೆನಪಾಗುತ್ತದೆ. ಈಕೆ ಸೀಟಿಲ್ಲದ ಹೊತ್ತಿನಲ್ಲಿ ಹೋದರು, 1957ರ ಫೆಬ್ರವರಿಯ ಕಾರ್ಮಾರ್ಥೆನ್ ಉಪಚುನಾವಣೆಯಲ್ಲಿ ಹಳೆಯ ಪಕ್ಷದ ಅಭ್ಯರ್ಥಿಯನ್ನೇ ಸೋಲಿಸಿ ಸಂಸತ್ತಿಗೆ ಮರಳಿದರು. ಆ ಅಭ್ಯರ್ಥಿ 1956ರಲ್ಲಿ ಈಜಿಪ್ಟ್ ಮೇಲೆ ಬ್ರಿಟನ್ ನಡೆಸಿದ ಸೂಯೆಜ್ ದಾಳಿಯ ಪರವಿದ್ದದ್ದು ಆಕೆಗೆ ಅನುಕೂಲವಾಯಿತು. ಮಂತ್ರಿಗಿರಿ ಮಾತ್ರ ಕೊನೆಯವರೆಗೂ ದಕ್ಕಲಿಲ್ಲ.

1966ರ ಮೇ 14ರಂದು ತೀರಿಕೊಂಡರು. ತೆರವಾದ ಆ ಸೀಟನ್ನು ಜುಲೈನಲ್ಲಿ ವೇಲ್ಸ್ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿಯ ಗ್ವಿನ್‌ಫೋರ್ ಇವಾನ್ಸ್ ಗೆದ್ದು ಆ ಪಕ್ಷದ ಮೊದಲ ಸಂಸದರಾದರು. ಲೇಬರ್‌ಗೆ ಬಿಸಿ ಮುಟ್ಟಿದ್ದು ಆಗ. ಅಷ್ಟಾಗಿಯೂ ವೇಲ್ಸ್‌ಗೆ ಅಸೆಂಬ್ಲಿ ಬಂದದ್ದು 1999ರಲ್ಲಿ, ಅದೂ 1997ರ ಜನಮತಗಣನೆಯಲ್ಲಿ ಬರೀ 6,721 ಮತಗಳ ಅಂತರದಿಂದ.