ಗಾಡಿ ಕೆಟ್ಟೋಯ್ತಾ ಸಾರ್?

ರಸ್ತೆಯಲ್ಲಿ ತನ್ನ ಪಾಡಿಗೆ ತಾನು ನಡೆದು ಹೋಗುತ್ತಿರುವವನನ್ನು ನಿಲ್ಲಿಸಿ “ಗಾಡಿ ಕೆಟ್ಟೋಯ್ತಾ ಸಾರ್?” ಅಂತ ಕೇಳುವವರಿಗೆ ಐನೂರು ರೂಪಾಯಿ ದಂಡ ಹಾಕಬೇಕು. ಹೆಲ್ಮೆಟ್ ಇಲ್ಲದವರಿಗೆ ಹಾಕುತ್ತಾರಲ್ಲ, ಹಾಗೆ, ನಿಂತ ಜಾಗದಲ್ಲೇ. ನನ್ನ ಹಿಮ್ಮಡಿಯ ಬೊಬ್ಬೆ ಇನ್ನೂ ಒಣಗಿಲ್ಲ, ಅಷ್ಟರಲ್ಲೇ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಒಬ್ಬರು ದನಿ ತಗ್ಗಿಸಿ ವಿಚಾರಿಸಿದರು: “ಹೈವೇಲಿ ನಡ್ಕೊಂಡು ಹೋಗ್ತಿದ್ರಂತೆ, ಮನೇಲಿ ಎಲ್ಲಾ ಸರಿ ಇದೆ ತಾನೆ?”

ಆಗಿದ್ದು ಇಷ್ಟೇ. ನಾನು ಮತ್ತು ನಮ್ಮ ಭಾವ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ನಡೆದು ಹೋದೆವು. ಹರಕೆ ಇರಲಿಲ್ಲ, ಡಾಕ್ಟರೂ ಹೇಳಿರಲಿಲ್ಲ. ಸುಮ್ನೆ.

ಭಾವನದು ಮಾತ್ರ ಪೂರ್ತಿ ಸುಮ್ನೆ ಅಲ್ಲ. ಅವರು ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ, ಅಕ್ಕನನ್ನು ಮದುವೆಯಾಗಿ ಸಂಸಾರ ಹೂಡಿದ್ದು ಮೈಸೂರಿನಲ್ಲಿ. ನೆಂಟರು ಬಂದರೆ “ಮೈಸೂರು ತೋರಿಸ್ತೀವಿ ಬನ್ನಿ” ಅಂತ ನಾವು ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ ಹೇಳಿ? ಕೆಆರ್‌ಎಸ್, ಬೃಂದಾವನ, ರಂಗನತಿಟ್ಟು. ಮೂರೂ ಇರುವುದು ಮಂಡ್ಯ ಜಿಲ್ಲೆಯಲ್ಲಿ. “ಕಟ್ಟೆ ನಮ್ದು, ಹಕ್ಕಿ ನಮ್ದು, ಹೆಸರು ಮಾತ್ರ ನಿಮ್ದು” ಅನ್ನುವುದು ಭಾವನ ಹಳೇ ಸಂಕಟ. ಗಡಿಯ ಮೇಲೆ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅನ್ನುವುದು ಅವರ ಆಸೆ. ಬಸ್ಸಿನಲ್ಲಿ ಹೋದರೆ ಅದು ಆಗುವುದಿಲ್ಲವಲ್ಲ.

ಬೆಳಿಗ್ಗೆ ಬನ್ನಿಮಂಟಪದಿಂದ ಹೊರಟೆವು. ದಸರಾದಲ್ಲಿ 750 ಕಿಲೋ ಅಂಬಾರಿ ಹೊತ್ತ ಆನೆಯೇ ಅರಮನೆಯಿಂದ 5 ಕಿಲೋಮೀಟರ್ ಬಂದು ಸಾಕಪ್ಪಾ ಅಂತ ನಿಲ್ಲುವ ಜಾಗ ಅದು. ನಾವು ಅಲ್ಲಿಂದ ಶುರು ಮಾಡಿದೆವು.

ನಡೆಯೋಕೆ ಜಾಗ ಅಂತ ಇರುವುದು ಸರ್ವೀಸ್ ರಸ್ತೆ. 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಹಾಗಾಗಿ ಅಷ್ಟೂ ಈ ಕಡೆಗೇ ಬರುತ್ತವೆ. ಕೆಲವು ಎದುರಿನಿಂದಲೂ ಬರುತ್ತವೆ. ಕಾರಿನವರು ಮೇಲೆ ನೂರರ ವೇಗದಲ್ಲಿ ಹೋಗುತ್ತಾರೆ, ಅವರಿಗೆ ನಾವು ಕಾಣುವುದೇ ಇಲ್ಲ. ಬೈಕಿನವರಿಗೆ ಕಾಣುತ್ತೇವೆ. ಅವರಿಗೆ ಪುರುಸೊತ್ತೂ ಇರುತ್ತದೆ. ಪಕ್ಕಕ್ಕೆ ಬಂದು, ಒಂದು ಕಾಲು ನೆಲಕ್ಕೂರಿ, “ಯಾಕ್ ಸಾರ್, ಗಾಡಿ ಕೆಟ್ಟೋಯ್ತಾ?” “ಪೆಟ್ರೋಲ್ ಖಾಲಿನಾ?” “ಬಂಕು ಆ ಕಡೆ ಸಾರ್, ನೀವು ಉಲ್ಟಾ ಹೋಯ್ತಾ ಇದ್ದೀರಿ!”

ಕೇಳಲಿ, ಪಾಪ, ಒಳ್ಳೇ ಮನಸ್ಸಿನವರು. ನನ್ನ ಸಿಟ್ಟು ಇರುವುದು ಅಷ್ಟೂ ಜನಕ್ಕೆ ಉತ್ತರ ಕೊಟ್ಟ ಭಾವನ ಮೇಲೆ. “ಇಲ್ಲಪ್ಪಾ, ಸುಮ್ನೆ ನಡೀತಿದ್ದೀವಿ” ಅಂದರೆ ಮುಗಿಯಿತು. ಭಾವ ಹಾಗೆ ಮುಗಿಸುವ ಜಾತಿಯಲ್ಲ. ನಿಲ್ಲುತ್ತಾರೆ. ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸುತ್ತಾರೆ. ಆಮೇಲೆ “ನೋಡಪ್ಪಾ, 1939ಕ್ಕೆ ಮುಂಚೆ ಮಂಡ್ಯ ಜಿಲ್ಲೆ ಅಂತಾನೇ ಇರಲಿಲ್ಲ, ಎಲ್ಲಾ ಮೈಸೂರೇ...” ಅಂತ ಶುರು. ಪಲ್ಸರ್ ಮೇಲೆ ಕೂತ ಹುಡುಗ ಎಂಜಿನ್ ಆಫ್ ಮಾಡುತ್ತಾನೆ. ನಾನು ಬಿಸಿಲಲ್ಲಿ ಬೆಂಡಾಗುತ್ತೇನೆ. ಕೊನೆಗೆ ಆ ಹುಡುಗ “ಅದೆಲ್ಲಾ ಸರಿ ಸಾರ್, ಗಾಡಿ ಎಲ್ಲಿ ನಿಲ್ಸಿದ್ದೀರಿ?” ಅನ್ನುತ್ತಾನೆ.

ಆ ಟವೆಲ್ಲಿನದೇ ಒಂದು ಕಥೆ. ಅದು ಹಸಿರು ಬಣ್ಣದ್ದು. ಅಕ್ಕ ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದಳು ಅಷ್ಟೆ. ಆದರೆ ಮೈಸೂರು–ಮಂಡ್ಯ ರಸ್ತೆಯಲ್ಲಿ ಹಸಿರು ಟವೆಲ್ ಹಾಕಿಕೊಂಡು ಇಬ್ಬರು ಗಂಡಸರು ಬಿರಬಿರನೆ ನಡೆದರೆ ಅದಕ್ಕೆ ಒಂದೇ ಅರ್ಥ. ಸಿದ್ದಲಿಂಗಪುರ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಪೊಲೀಸಿನವರೊಬ್ಬರು ಬೈಕ್ ತಿರುಗಿಸಿಕೊಂಡು ಬಂದರು.

“ಯಾವ ಸಂಘ?”

“ಯಾವ ಸಂಘವೂ ಇಲ್ಲ ಸಾರ್.”

“ಹಿಂದೆ ಎಷ್ಟು ಜನ ಬತ್ತಾವ್ರೆ?”

“ಯಾರೂ ಇಲ್ಲ. ನಾವಿಬ್ರೇ.”

ಅವರು ನಮ್ಮ ಭುಜದ ಮೇಲಿಂದ ದೂರದವರೆಗೆ ಕಣ್ಣು ಹಾಯಿಸಿದರು. ನಂಬಿಕೆ ಬರಲಿಲ್ಲ. “ಕಾವೇರಿ ವಿಷಯಾನಾ? ಕಬ್ಬಿನ ಬಾಕಿನಾ? ಹೈವೇಗೆ ಇಳಿಯೋ ಪ್ಲಾನ್ ಇದ್ರೆ ಈಗ್ಲೇ ಹೇಳ್ಬಿಡಿ.”

“ಆರು ಲೇನ್ ಹೈವೇನ ಇಬ್ರು ಹೆಂಗೆ ಸಾರ್ ತಡೆಯೋದು?” ಅಂದೆ.

“ಅಡ್ಡಡ್ಡ ಮಲಗಿದ್ರೆ ಆಯ್ತದೆ” ಅಂದರು, ಒಂಚೂರೂ ನಗದೆ. ಅನುಭವ ಇದ್ದ ಹಾಗಿತ್ತು.

ಇಲ್ಲಿಗಾದರೂ ಭಾವ ಸುಮ್ಮನಿರಬಹುದು ಅಂದುಕೊಂಡೆ. ಇಲ್ಲ. ಟವೆಲ್ ಬಿಚ್ಚಿದರು, ಮುಖ ಒರೆಸಿದರು, “ನೋಡಿ ಸಾರ್, 1939ಕ್ಕೆ ಮುಂಚೆ...” ಆ ಪೊಲೀಸಿನವರದೂ ಮಂಡ್ಯ ಕಡೆಯೇ ಅಂತೆ. ಆಮೇಲೆ ಇಬ್ಬರೂ ಸೇರಿ ಕಟ್ಟೆಯ ನೀರು, ನಾಲೆಯ ನೀರು, ಮೈಸೂರಿನವರ ದೌಲತ್ತು, ಒಂದನ್ನೂ ಬಿಡಲಿಲ್ಲ. ಅಲ್ಲಿದ್ದ ಒಬ್ಬನೇ ಮೈಸೂರಿನವನು ನಾನು. ಬಾಯಿ ಮುಚ್ಚಿಕೊಂಡು ನಿಂತೆ. ಹೊರಡುವಾಗ ಅವರು “ಯಾವುದಕ್ಕೂ ಆ ಟವೆಲ್ ಬ್ಯಾಗಿಗೆ ಹಾಕ್ಬಿಡಿ ಸಾ” ಅಂದರು. ಭಾವ ಹಾಕಲಿಲ್ಲ.

ಗಡಿ ಹುಡುಕಿದ್ದನ್ನು ಹೆಚ್ಚು ಹೇಳುವುದಿಲ್ಲ. ಸಿಗಲಿಲ್ಲ. ಕಬ್ಬಿನ ಹಾಲಿನವನು “ಹಿಂದೆ ಆಯ್ತಲ್ಲ” ಅಂದ. ಬೀಡಾ ಅಂಗಡಿಯವನು “ಇನ್ನೂ ಮುಂದೆ” ಅಂದ. ಮೂರನೆಯವನು “ಗಡಿ ಗೊತ್ತಿಲ್ಲ ಸಾ, ಮುಂದೆ ಹಂಪ್ ಅದೆ” ಅಂದ. ಫೋನಿನ ನಕ್ಷೆಯಲ್ಲಿ ಗೆರೆಯೇನೋ ಇತ್ತು, ಅದು ಯಾರದೋ ಗದ್ದೆಯೊಳಗೆ ಹೋಗುತ್ತಿತ್ತು. ಭಾವ ಕೊನೆಗೆ ನಿಂತ ಗಾಡಿಗಳ ನಂಬರ್ ಪ್ಲೇಟ್ ಎಣಿಸಿದರು. ಕೆಎ 09, ಕೆಎ 55 ಕಡಿಮೆಯಾಗಿ ಕೆಎ 11 ಜಾಸ್ತಿ ಆದ ಕಡೆ ಕಾಲು ಅಗಲಿಸಿ ನಿಂತರು. ಫೋಟೋ ತೆಗೆದೆ. ಹಿಂದೆ ಒಂದು ಎಮ್ಮೆ ಬಂದಿದೆ.

ಅಲ್ಲೇ ಮುಂದೆ ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಕೂತಿತ್ತು. ನಾವು ನೆರಳಿಗೆ ಅಂತ ಹೋಗಿ ಕೂತೆವು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ನಡ್ಕೊಂಡೇ ಬಂದ್ರಾ ಮಗಾ? ಎಂಗಸ್ರಿಗೆ ಮಾತ್ರ ಬಸ್ಸು ಪ್ರೀ ಮಾಡವ್ರೆ. ಗಂಡುಸ್ರು ಏನ್ ಪಾಪ ಮಾಡಿದ್ರೋ” ಅಂತ ಲೊಚಗುಟ್ಟಿತು. ಆಮೇಲೆ ಎಲೆಅಡಿಕೆ ಚೀಲ ಬಿಚ್ಚಿ, ಮಡಿಸಿದ ಇಪ್ಪತ್ತರ ನೋಟು ತೆಗೆದು ಭಾವನ ಕೈಗೆ ಇಡೋಕೆ ಬಂತು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದ ಮನುಷ್ಯ! “ಬೇಡಮ್ಮಾ, ಬೇಡಮ್ಮಾ” ಅಂತ ಎದ್ದರು. 1939 ನೆನಪಾಗಲಿಲ್ಲ. ಆಮೇಲೆ ಬಹಳ ದೂರ ನಾವು ಚೆನ್ನಾಗಿ ನಡೆದೆವು, ಮಾತಿಲ್ಲದೆ.

ಪಶ್ಚಿಮವಾಹಿನಿ ಹತ್ತಿರ ಬರುವಾಗ ನನ್ನ ಕಾಲು ಕೈಕೊಟ್ಟಿತ್ತು. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗುತ್ತಾಳೆ, ಸುತ್ತಮುತ್ತಲಿನವರೆಲ್ಲ ಅಸ್ಥಿ ಬಿಡೋಕೆ ಬರುವುದು ಅಲ್ಲಿಗೆ. ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟೆವು. ಪುರೋಹಿತರೊಬ್ಬರು ಬಂದು ಟವೆಲ್ ನೋಡಿದರು, ನಮ್ಮ ಸೋತ ಮುಖ ನೋಡಿದರು, ಮೆಲ್ಲಗೆ ಕೇಳಿದರು: “ಯಾರು ಹೋಗಿದ್ದು?”

ನನಗೆ ನಗು ಬಂತು. ಭಾವ ನಗಲಿಲ್ಲ. “ನಮ್ಮ ಮಾವನೋರು. ಆಗ್ಲೇ ಬಹಳ ವರ್ಷ ಆಯ್ತು” ಅಂದರು. ಮಾವ ಅಂದರೆ ನನ್ನ ಅಪ್ಪ. ಬಿಟ್ಟಿದ್ದು ಇದೇ ಮೆಟ್ಟಿಲಲ್ಲಿ. ಅಪ್ಪ ಹುಡುಗನಾಗಿದ್ದಾಗ ಬಸ್ಸಿನ ದುಡ್ಡು ಉಳಿಸಿಕೊಂಡು ಶ್ರೀರಂಗಪಟ್ಟಣದಿಂದ ಮೈಸೂರಿಗೆ ನಡೆದು ಹೋಗಿ, ಆ ದುಡ್ಡಿನಲ್ಲಿ ಸಿನಿಮಾ ನೋಡಿ, ಕತ್ತಲಲ್ಲಿ ನಡೆದು ವಾಪಸ್ ಬರುತ್ತಿದ್ದರಂತೆ. ದಾರಿಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲವಂತೆ. ದಾರಿಯಲ್ಲಿ ಇದ್ದವರೆಲ್ಲ ನಡೆಯುವವರೇ ಆಗಿದ್ದರಲ್ಲ.

ದೇವಸ್ಥಾನ ಮುಟ್ಟಿದಾಗ ಮಧ್ಯಾಹ್ನ. ರಂಗನಾಥಸ್ವಾಮಿ ಆದಿಶೇಷನ ಮೇಲೆ ಹಾಯಾಗಿ ಮಲಗಿದ್ದ. ದೇವರ ಮುಂದೆ ನಿಂತು ಹೊಟ್ಟೆಕಿಚ್ಚು ಪಡಬಾರದು ಅಂತಾರೆ, ನಾನು ಪಟ್ಟೆ.

ಅಕ್ಕ ಹೊರಗೆ ನೆರಳಲ್ಲಿ ಕೂತಿದ್ದಳು. ಬಿಟ್ಟಿ ಟಿಕೆಟಿನಲ್ಲಿ ಬಂದು, ದರ್ಶನ ಮುಗಿಸಿ, ಪುಳಿಯೋಗರೆ ಡಬ್ಬಿಯಲ್ಲಿ ತನ್ನ ಪಾಲನ್ನೂ ಮುಗಿಸಿದ್ದಳು. ಭಾವ ಕೂರುವ ಮುಂಚೆಯೇ ಫೋನ್ ತೆಗೆದು ಫೋಟೋ ತೋರಿಸಿದರು.

“ನೋಡೇ, ಈ ಕಾಲು ಮೈಸೂರು, ಈ ಕಾಲು ಮಂಡ್ಯ.”

ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ಎಮ್ಮೆ ಯಾವ ಜಿಲ್ಲೆದು?” ಅಂದಳು.