ಗಾಜಿಲ್ಲದ ವಾಹನ

ಕಳೆದ ಭಾನುವಾರ ನಮ್ಮ ತುಮಕೂರಿನಲ್ಲಿ ಆರೋಗ್ಯಕ್ಕಾಗಿಯೂ ಪರಿಸರಕ್ಕಾಗಿಯೂ ಒಟ್ಟೊಟ್ಟಿಗೆ ನಡೆದ ಐದು ಕಿಲೋಮೀಟರ್ ಓಟದ ಚಿತ್ರಗಳನ್ನು ನೀವೆಲ್ಲರೂ ನೋಡಿಯೇ ಇರುತ್ತೀರಿ. ಹಸಿರು ಟೀ ಶರ್ಟು, ಹಸಿರು ಬಾವುಟ, ಬಾವುಟ ಹಿಡಿದ ಗಣ್ಯರು ಎಲ್ಲವೂ ಚೆನ್ನಾಗಿ ಬಂದಿವೆ. ಛಾಯಾಗ್ರಾಹಕರು ಕ್ಯಾಮೆರಾವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದ್ದರೆ ಮೈದಾನದ ಸುತ್ತ ಮೂರು ಸಾಲಿನಲ್ಲಿ ನಿಂತಿದ್ದ ಕಾರುಗಳೂ ಚಿತ್ರದೊಳಗೆ ಬಂದು, ಇದು ಓಟವೋ ಕಾರುಗಳ ಸಂತೆಯೋ ಎಂಬ ಅನುಮಾನ ನೋಡಿದವರಿಗೆ ಹುಟ್ಟುತ್ತಿತ್ತು.

ನಾನು ಸೈಕಲ್ಲಿನಲ್ಲಿ ಹೋಗಿದ್ದೆ. ಇದನ್ನು ತಪ್ಪೊಪ್ಪಿಗೆಯೆಂದೇ ತಿಳಿಯಬೇಕು. ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಸೈಕಲ್ ತುಳಿಯುವವನಿಗೆ ಮಾತ್ರ ಕ್ಯಾತ್ಸಂದ್ರದಿಂದ ಹೊರಟು ಟೌನ್‌ಹಾಲ್ ವೃತ್ತ ಮುಟ್ಟುವುದಕ್ಕಿಂತ ಹೊನ್ನಾವರ ಮುಟ್ಟುವುದೇ ಸುಲಭವೆಂದು ವಾರದ ಆರು ದಿನ ಅನಿಸುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ನಮ್ಮದು. ಅಗೆದದ್ದನ್ನು ಮುಚ್ಚಿ, ಮುಚ್ಚಿದ್ದನ್ನು ಮತ್ತೆ ಅಗೆದು, ವರ್ಷಗಟ್ಟಲೆ ನಾವೆಲ್ಲರೂ ಧೂಳು ಕುಡಿದ ಮೇಲೆ ಸೈಕಲ್ಲಿನವನ ಪಾಲಿಗೆ ಉಳಿದಿರುವುದು ರಸ್ತೆಯ ಅಂಚಿನ ಎರಡು ಗೇಣು. ಅದರಲ್ಲೂ ಒಂದು ಗೇಣು ಎಳನೀರಿನ ಗಾಡಿಯದು. ಆದರೆ ಭಾನುವಾರ ಬೆಳಗ್ಗೆ ಐದೂವರೆಗೆ ಆ ರಸ್ತೆಯೂ ಮನುಷ್ಯರದ್ದಾಗಿರುತ್ತದೆ. ತಟ್ಟೆ ಇಡ್ಲಿಯ ಹೋಟೆಲಿನವರು ಒಲೆ ಹೊತ್ತಿಸುತ್ತಿರುವಾಗ ಹೊರಟವನು ಅರ್ಧ ಗಂಟೆಯೊಳಗೆ ಮೈದಾನದ ಗೇಟಿನಲ್ಲಿದ್ದೆ.

ಗೇಟಿನಲ್ಲಿದ್ದ ಕಾವಲುಗಾರ ನನ್ನನ್ನೂ ಸೈಕಲ್ಲನ್ನೂ ಒಮ್ಮೆ ನೋಡಿ, "ಹಾಲಾ ಸಾರ್, ಪೇಪರಾ?" ಎಂದು ಕೇಳಿದ. ಓಡಲು ಬಂದಿದ್ದೇನೆ ಎಂದೆ.

"ಸೈಕಲ್ ಒಳಗೆ ಬಿಡಲ್ಲ ಸಾರ್. ಪಾಸ್ ಇರೋ ಗಾಡಿ ಮಾತ್ರ."

"ಪಾಸ್ ಕೊಡಪ್ಪ, ಅಂಟಿಸಿಕೊಳ್ಳುತ್ತೇನೆ."

"ಎಲ್ಲಿಗೆ ಅಂಟಿಸ್ತೀರಾ? ಇದಕ್ಕೆ ಗಾಜೇ ಇಲ್ವಲ್ಲ."

ಈ ವಾದಕ್ಕೆ ಉತ್ತರ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ. ಆಚೆ ಬದಿಯ ಹೊಂಗೆ ಮರಕ್ಕೆ ಸೈಕಲ್ಲನ್ನು ಸರಪಳಿ ಹಾಕಿ ಕಟ್ಟಿ ಒಳಗೆ ನಡೆದೆ.

ಓಟ ಆರಕ್ಕೆ ಶುರುವಾಗಬೇಕಿತ್ತು. ಆದರೆ ಬಾವುಟ ಬೀಸಬೇಕಾದ ಗಣ್ಯರ ಕಾರಿಗೆ, ಬಾವುಟ ಬೀಸುವುದನ್ನು ನೋಡಲು ಬಂದವರ ಕಾರುಗಳು ದಾರಿ ಬಿಡಲಿಲ್ಲ. "ಗೇಟಿಗೆ ಅಡ್ಡ ನಿಂತಿರುವ ಕೆಎ 06 ಬಿಳಿ ಕಾರಿನ ಮಾಲೀಕರು ಎಲ್ಲಿದ್ದರೂ ಕೂಡಲೇ ಬರಬೇಕು" ಎಂದು ಮೈಕಿನಲ್ಲಿ ಕೂಗಿದ್ದೇ ತಡ, ಊರಿನಲ್ಲಿ ಬಿಳಿ ಕಾರಿಗೆ ಬರವಿಲ್ಲವಾದ್ದರಿಂದ, ಕಾಲು ಭಾಗ ಜನ ಸಾಲು ಬಿಟ್ಟು ಗೇಟಿನ ಕಡೆಗೆ ಧಾವಿಸಿದರು. ನನ್ನ ಮಟ್ಟಿಗೆ ಅಂದಿನ ನಿಜವಾದ ಓಟ ಅದೇ. ಅಷ್ಟು ವೇಗ ಆಮೇಲೆ ಯಾರಲ್ಲೂ ಕಾಣಲಿಲ್ಲ.

ಕಾಯುತ್ತ ನಿಂತವನಿಗೆ ಲೆಕ್ಕ ಹಾಕುವ ಬುದ್ಧಿ ಬಂತು. ಎಪ್ಪತ್ತು ಕಿಲೋ ತೂಗುವ ಗೃಹಸ್ಥರು ಐದು ಕಿಲೋಮೀಟರ್ ಓಡಿದರೆ ಕರಗುವುದು ಸುಮಾರು 350 ಕ್ಯಾಲರಿ. ಅದನ್ನು ಕರಗಿಸುವುದಕ್ಕಾಗಿ ಅವರು ಹೋಗಿ ಬರುವ ಎಂಟು ಕಿಲೋಮೀಟರಿಗೆ ಅರ್ಧ ಲೀಟರ್ ಪೆಟ್ರೋಲ್ ಸುಟ್ಟಿರುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆಯೆಂದ ಮೇಲೆ, ಬೆನ್ನಿನ ಮೇಲೆ 'ಉಸಿರಿಗಾಗಿ ಹಸಿರು' ಎಂದು ಬರೆಸಿಕೊಂಡ ಒಬ್ಬೊಬ್ಬರೂ ಒಂದು ಕಿಲೋಗಿಂತ ಹೆಚ್ಚು ಹೊಗೆಯನ್ನು ಊರಿಗೆ ದಾನ ಮಾಡಿ ಹೋದಂತಾಯಿತು. ಓಟದ ನಂತರದ ಕೇಸರಿಬಾತು, ವಡೆಗಳನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ. ನಾನೂ ಎರಡು ವಡೆ ತಿಂದಿದ್ದೇನೆ.

2004ರ ಅಕ್ಟೋಬರ್ 2ರಂದು, ನಾವು ಇಲ್ಲಿ ಗಾಂಧಿ ಜಯಂತಿಯ ಭಾಷಣ ಕೇಳುತ್ತಿದ್ದ ಹೊತ್ತಿಗೆ, ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಮಂದಿ ಸೇರಿ ಐದು ಕಿಲೋಮೀಟರ್ ಓಡಿದರಂತೆ. ಅದೇ ಇಂದು ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ಪ್ರತಿ ವಾರಾಂತ್ಯ ನಡೆಯುತ್ತಿದೆ. ಅಲ್ಲಿ ಶುಲ್ಕವಿಲ್ಲ. ಆದಷ್ಟೂ ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬನ್ನಿ ಎಂದು ಕೇಳಿಕೊಳ್ಳುವ ರೂಢಿಯೂ ಇದೆ. ಇಂತಹ ಬಡ ಕಾರ್ಯಕ್ರಮಕ್ಕೆ ನಮ್ಮಲ್ಲಿ ಯಾವ ಗಣ್ಯರು ಬಂದಾರು?

ಒಂದು ಕಾಲದಲ್ಲಿ ಸೈಕಲ್ಲಿಗೂ ಮರ್ಯಾದೆಯಿತ್ತು. ಮರ್ಯಾದೆಯ ಗುರುತೆಂದರೆ ತೆರಿಗೆ. ಪುರಸಭೆಗೆ ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಸಂಖ್ಯೆ ಕೊರೆದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ನಮ್ಮಪ್ಪ ಅದನ್ನು ಸೈಕಲ್ಲಿಗೆ ತಿರುಪು ಹಾಕಿ ಕೂರಿಸಿ, ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುತ್ತಿದ್ದರು. ರಾತ್ರಿ ದೀಪವಿಲ್ಲದೆ ಹೋದರೂ, ಹಿಂದೆ ಒಬ್ಬನನ್ನು ಕೂರಿಸಿಕೊಂಡು ಡಬಲ್ ರೈಡಿಂಗ್ ಹೋದರೂ ಪೊಲೀಸಿನವರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಅಪ್ಪ ಹಾಗೆ ಸಿಕ್ಕಿಬಿದ್ದು, ಗಾಳಿ ಹೋದ ಸೈಕಲ್ಲನ್ನು ಗುಬ್ಬಿ ಗೇಟಿನಿಂದ ಮನೆಯವರೆಗೆ ತಳ್ಳಿಕೊಂಡು ಬಂದು, ಸರ್ಕಾರ ಅಂದರೆ ಹೀಗಿರಬೇಕು ಎಂದು ಮೆಚ್ಚಿಕೊಂಡಿದ್ದರು. ಈಗ ನಮ್ಮನ್ನು ಹಿಡಿಯುವವರೂ ಇಲ್ಲ. ಕಾನೂನಿನ ಕಣ್ಣಿಗೂ ಬೀಳದಷ್ಟು ಸಣ್ಣವರಾಗಿದ್ದೇವೆ.

2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ಸಂಡೇಸ್ ಆನ್ ಸೈಕಲ್' ಎಂಬ ಅಭಿಯಾನವನ್ನು ಆರಂಭಿಸಿತು. ಹೆಸರಿನಲ್ಲೇ ಎಷ್ಟು ಪ್ರಾಮಾಣಿಕತೆಯಿದೆ ನೋಡಿ. ಸೋಮವಾರದಿಂದ ಶನಿವಾರದವರೆಗೆ ಸೈಕಲ್ ತುಳಿಯುವವನ ವಿಚಾರ ಅದರಲ್ಲಿಲ್ಲ. ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು, ಲಾರಿಗಳ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಪಾಳಿಗೆ ಹೋಗುವವನಿಗೆ ಯಾರೂ ಬಾವುಟ ಬೀಸಿಲ್ಲ, ಟೀ ಶರ್ಟು ಕೊಟ್ಟಿಲ್ಲ. 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ಲು ಕೊರೊನಾ ಬಂದಾಗ ನಿಂತಿತು. ಕೊರೊನಾ ಹೋಯಿತು, ಮಾಲ್‌ಗಳು ತೆರೆದವು, ಜಾತ್ರೆಗಳು ನಡೆದವು, ಸೈಕಲ್ಲು ಮಾತ್ರ ಹಿಂದಿರುಗಲಿಲ್ಲ. ಹಳ್ಳಿಯ ಹುಡುಗಿ ಹೈಸ್ಕೂಲಿಗೆ ನಡೆದೇ ಹೋಗುತ್ತಿದ್ದಾಳೆ. ಅವಳ ಐದು ಕಿಲೋಮೀಟರನ್ನು ಯಾರೂ ಫಿಟ್‌ನೆಸ್ ಎಂದು ಕರೆಯುವುದಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನನಗೆ ಬರೆದೂ ಸಾಕಾಗಿದೆ.

ಅದೇ ಸಂಘಟಕರು ಮುಂದಿನ ತಿಂಗಳು ಸೈಕಲ್ ಜಾಥಾ ಇಟ್ಟುಕೊಂಡಿದ್ದಾರೆ. ಹೆಸರು ನೋಂದಾಯಿಸಲು ಮೊಬೈಲಿನಲ್ಲಿ ಅರ್ಜಿ ತೆರೆದರೆ, 'ನೀವು ಬರುವ ವಾಹನದ ನೋಂದಣಿ ಸಂಖ್ಯೆ' ಎಂಬಲ್ಲಿ ಕೆಂಪು ಚುಕ್ಕಿಯಿತ್ತು. ತುಂಬದೆ ಮುಂದಕ್ಕೆ ಹೋಗಲು ಬಿಡಲೊಲ್ಲದು. 'ಸೈಕಲ್' ಎಂದು ಬರೆದೆ, ಒಪ್ಪಲಿಲ್ಲ. 'ಇಲ್ಲ' ಎಂದು ಬರೆದೆ, ಅದನ್ನೂ ಒಪ್ಪಲಿಲ್ಲ. ಕಡೆಗೆ ಅಟ್ಟದ ಮೇಲಿನ ಡಬ್ಬಿಯಿಂದ ಅಪ್ಪನ ಹಿತ್ತಾಳೆ ಬಿಲ್ಲೆಯನ್ನು ಹುಡುಕಿ ತೆಗೆದು, ಅದರ ಮೇಲಿದ್ದ ಸಂಖ್ಯೆಯನ್ನೇ ಹಾಕಿದೆ. ತಕ್ಷಣ ಒಪ್ಪಿಕೊಂಡಿತು. ನಿನ್ನೆ ಪಾಸ್ ಬಂದಿದೆ, ನಾಲ್ಕು ಚಕ್ರದ ವಾಹನದ್ದು. ಮುಂಗಾಜಿನ ಎಡಮೂಲೆಗೆ ಅಂಟಿಸಬೇಕಂತೆ.